ಫೆಬ್ರವರಿ ಇಪ್ಪತ್ತೊಂಬತ್ತು

ನಮ್ಮ ಕಾಲೇಜಿನ ವಾಚನಾಲಯದ ಬಾಗಿಲ ಬಳಿ ಒಂದು ಕರಿಹಲಗೆ ಉಂಟು. ಆಯಾ ತಾರೀಖಿನಂದು ಜಗತ್ತಿನಲ್ಲಿ ನಡೆದ ಮುಖ್ಯ ಸಂಗತಿಗಳನ್ನೂ ಅಂದು ಹುಟ್ಟಿದ ಹಿರಿಯರ ಹೆಸರುಗಳನ್ನೂ ಅದರ ಮೇಲೆ ದಿನವೂ ಸೀಮೆಸುಣ್ಣದಿಂದ ಬರೆದಿರುತ್ತಾರೆ. ಒಂದು ಯುದ್ಧ, ಒಬ್ಬ ನಟನ ಜನನ, ಒಂದು ಭೂಕಂಪ, ಒಂದು ಆಚರಣೆ. ಎಲ್ಲವೂ ಒಂದರ ಕೆಳಗೊಂದು, ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ಅಪರಿಚಿತರಂತೆ. ಇವುಗಳಿಗೆ ಪರಸ್ಪರ ಸಂಬಂಧವೇನು ಎಂದು ಕೇಳಿದರೆ ತಾರೀಖು ಒಂದೇ ಎಂಬುದನ್ನು ಬಿಟ್ಟು ಬೇರೆ ಉತ್ತರವಿಲ್ಲ. ಹಾಗಾದರೆ ಆ ತಾರೀಖು ಎಂಬುದಾದರೂ ಏನು? ಇದನ್ನು ವಿಚಾರಿಸಲು ನಾನು ಬೇಕೆಂದೇ ಆ ಹಲಗೆಯ ಮೇಲೆ ಅತಿ ವಿರಳವಾಗಿ ಕಾಣಿಸಿಕೊಳ್ಳುವ ದಿನವೊಂದನ್ನು ಆರಿಸಿಕೊಂಡಿದ್ದೇನೆ. ಅದು ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ 29.

ಈ ದಿನ ಏಕೆ ಹುಟ್ಟಿತೆಂಬುದು ವಾಚಕರಿಗೆ ತಿಳಿದ ವಿಷಯವೇ. ಋತುಚಕ್ರವೊಂದು ಪೂರ್ಣವಾಗಲು 365 ದಿನ 5 ಗಂಟೆ 48 ನಿಮಿಷ 46 ಸೆಕೆಂಡು ಬೇಕು. ವರ್ಷಕ್ಕೆ ಬರಿಯ 365 ದಿನವನ್ನಿಟ್ಟುಕೊಂಡರೆ ಉಳಿದ ಗಂಟೆಗಳು ಸಾಲದ ಬಡ್ಡಿಯಂತೆ ಬೆಳೆಯುತ್ತ ಹೋಗಿ, ನಾಲ್ಕು ವರ್ಷಕ್ಕೆ ಹೆಚ್ಚುಕಡಮೆ ಒಂದು ದಿನವಾಗುತ್ತವೆ. ಕ್ರಿ. ಪೂ. 46ರಲ್ಲಿ ಜೂಲಿಯಸ್ ಸೀಸರನು ಮಾಡಿದ ಸುಧಾರಣೆ ಈ ಸಾಲವನ್ನು ತೀರಿಸುವ ಏರ್ಪಾಡು. ಆದರೆ ರೋಮನರು ಹೆಚ್ಚಿನ ದಿನವನ್ನು ತಿಂಗಳ ಕೊನೆಯಲ್ಲಿ ಇಡಲಿಲ್ಲ. ಮಾರ್ಚಿ ಮೊದಲ ದಿನಕ್ಕೆ ಮುಂಚಿನ ಆರನೆಯ ದಿನವನ್ನು, ಅಂದರೆ ನಮ್ಮ ಎಣಿಕೆಯ ಫೆಬ್ರವರಿ 24ನ್ನು, ಎರಡು ಸಲ ಎಣಿಸಿ ಮುಂದೆ ಸಾಗಿದರು! ಇಪ್ಪತ್ತೊಂಬತ್ತು ಎಂಬ ಅಂಕಿ ಬಂದದ್ದು ತಿಂಗಳ ದಿನಗಳನ್ನು ಒಂದು, ಎರಡು ಎಂದು ನೇರವಾಗಿ ಎಣಿಸುವ ರೂಢಿ ಬೆಳೆದ ಮೇಲೆ.

ಸೀಸರನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಹನ್ನೊಂದು ನಿಮಿಷ ಹೆಚ್ಚಾಗಿತ್ತು. ಹನ್ನೊಂದು ನಿಮಿಷ ಯಾರ ಗಮನಕ್ಕೂ ಬಾರದು. ಆದರೆ 128 ವರ್ಷಗಳಲ್ಲಿ ಅದು ಒಂದು ದಿನ. ಹದಿನಾರನೆಯ ಶತಮಾನದ ಹೊತ್ತಿಗೆ ವಸಂತ ವಿಷುವ ಹತ್ತು ದಿನ ಹಿಂದೆ ಸರಿದಿತ್ತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಸಾರಿದನು. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷಗಳೆಂದು ಕಟ್ಟುಮಾಡಿದನು. ಆದ್ದರಿಂದ 1600 ಮತ್ತು 2000 ಅಧಿಕ ವರ್ಷಗಳು. 1700, 1800, 1900 ಅಲ್ಲ. ಇಂಗ್ಲೆಂಡು ಇದನ್ನೊಪ್ಪಲು 1752ರವರೆಗೆ ಕಾಯಿತು. ಸ್ವೀಡನ್ನಿನವರು ಅರ್ಧ ಒಪ್ಪಿ ಅರ್ಧ ಬಿಟ್ಟು ಗೊಂದಲಕ್ಕೀಡಾಗಿ, ಕೊನೆಗೆ ಹಳೆಯ ಲೆಕ್ಕಕ್ಕೆ ಮರಳಲು 1712ರಲ್ಲಿ ಫೆಬ್ರವರಿ 30 ಎಂಬ ತಾರೀಖನ್ನೇ ಸೃಷ್ಟಿಸಿದರು. 1900 ಅಧಿಕ ವರ್ಷವಲ್ಲ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರಿಂದ ಪ್ರಯೋಜನವುಂಟು.

ಇನ್ನು ಈ ದಿನದ ಘಟನೆಗಳನ್ನು ನೋಡೋಣ. ಅತ್ಯಂತ ಪ್ರಸಿದ್ಧವಾದದ್ದು 1504ರದು. ಕೊಲಂಬಸನ ಹಡಗುಗಳನ್ನು ಹುಳು ತಿಂದು, ಅವನು 1503ರ ಜೂನಿನಿಂದ ಜಮೈಕಾ ದ್ವೀಪದ ಕರಾವಳಿಯಲ್ಲಿ ಸಿಕ್ಕಿಬಿದ್ದಿದ್ದನು. ಅಲ್ಲಿನ ಮೂಲನಿವಾಸಿಗಳು ತಿಂಗಳುಗಟ್ಟಲೆ ಅವನಿಗೂ ಅವನ ಜನಕ್ಕೂ ಆಹಾರ ಕೊಟ್ಟರು. ಕಡೆಗೆ ಬೇಸತ್ತು ನಿಲ್ಲಿಸಿದರು. ಜರ್ಮನಿಯ ಖಗೋಳಜ್ಞ ರೆಗಿಯೊಮೊಂಟಾನಸನ ಪಂಚಾಂಗ ಕೊಲಂಬಸನ ಕೈಯಲ್ಲಿತ್ತು. ಅದರಲ್ಲಿ ಫೆಬ್ರವರಿ 29ರ ರಾತ್ರಿ ಚಂದ್ರಗ್ರಹಣವೆಂದು ಕಂಡು, ದೇವರು ಕೋಪಗೊಂಡು ಚಂದ್ರನನ್ನು ಕಸಿದುಕೊಳ್ಳುವನೆಂದು ಅವರನ್ನು ಹೆದರಿಸಿದನು. ಗ್ರಹಣ ಹಿಡಿಯಿತು, ಆಹಾರ ಬಂದಿತು. ನಮ್ಮ ಶಾಲಾ ಪುಸ್ತಕಗಳಲ್ಲಿ ಇದನ್ನು ಜಾಣತನದ ಕಥೆಯಾಗಿ ಓದಿದ ನೆನಪು ನನಗಿದೆ. ನನಗಾದರೋ ಅನ್ನ ಹಾಕಿದವರನ್ನು ವಿದ್ಯೆಯಿಂದ ವಂಚಿಸಿದ ಕಥೆಯಂತೆ ಕಾಣುತ್ತದೆ. ಇನ್ನೊಂದು ಮಾತು: ಅದು ಗ್ರೆಗೊರಿಯ ಸುಧಾರಣೆಗೆ ಹಿಂದಿನ ಕಾಲ. ಇಂದಿನ ಎಣಿಕೆಯಂತೆ ಅದು ಮಾರ್ಚಿ 10. ಹಲಗೆಯ ಮೇಲೆ ನಾವು ಬರೆಯುವ ತಾರೀಖು ಆಕಾಶದಲ್ಲಿ ಬರೆದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈ ದಿನ ಹುಟ್ಟಿದವರಲ್ಲಿ ಇಟಲಿಯ ಸಂಗೀತಗಾರ ರೊಸ್ಸಿನಿ (1792) ಒಬ್ಬನು. ಆದರೆ ನಮಗೆ ಹತ್ತಿರದವರು ಇಬ್ಬರು: ಶ್ರೀ ಮೊರಾರ್ಜಿ ದೇಸಾಯಿ ಮತ್ತು ಶ್ರೀಮತಿ ರುಕ್ಮಿಣೀದೇವಿ ಅರುಂಡೇಲ್. ಮೊರಾರ್ಜಿಯವರು ಹುಟ್ಟಿದ್ದು ಗುಜರಾತಿನಲ್ಲಿ, 1896ರ ಫೆಬ್ರವರಿ 29ರಂದು. 1900 ಅಧಿಕ ವರ್ಷವಲ್ಲವಷ್ಟೆ. ಆದ್ದರಿಂದ ಅವರ ಮೊತ್ತಮೊದಲ ಹುಟ್ಟುಹಬ್ಬದ ತಾರೀಖು ಬಂದದ್ದು ಅವರಿಗೆ ಎಂಟು ತುಂಬಿದಾಗ, 1904ರಲ್ಲಿ. ಅದೇ ದಿನ ದೂರದ ಮಧುರೆಯಲ್ಲಿ ರುಕ್ಮಿಣೀದೇವಿಯವರು ಹುಟ್ಟಿದರು! ಒಬ್ಬರ ಮೊದಲ ಹುಟ್ಟುಹಬ್ಬವೇ ಇನ್ನೊಬ್ಬರ ಜನ್ಮದಿನ.

ಇಬ್ಬರ ದಾರಿಗಳೂ ಬೇರೆ. ಮೊರಾರ್ಜಿಯವರು ಸರಕಾರಿ ಹುದ್ದೆಯನ್ನು 1930ರಲ್ಲಿ ಬಿಟ್ಟು ಸ್ವಾತಂತ್ರ್ಯ ಸಮರಕ್ಕೆ ಇಳಿದವರು. 1952ರಿಂದ 1956ರವರೆಗೆ ಮುಂಬಯಿ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಅದೇ ರಾಜ್ಯದಲ್ಲಿದ್ದುದರಿಂದ ಆ ಭಾಗದ ಕನ್ನಡಿಗರಿಗೂ ಅವರೇ ಮುಖ್ಯಮಂತ್ರಿಗಳು. ರುಕ್ಮಿಣೀದೇವಿಯವರು ಕುಲೀನರು ಮೂಗು ಮುರಿಯುತ್ತಿದ್ದ ನೃತ್ಯವನ್ನು 1935ರಲ್ಲಿ ತಾವೇ ವೇದಿಕೆಯ ಮೇಲೆ ಪ್ರದರ್ಶಿಸಿ, ಮರುವರ್ಷ ಮದರಾಸಿನ ಅಡಯಾರಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ರಾಜ್ಯಸಭೆಗೆ ನಾಮಕರಣಗೊಂಡ ಮೇಲೆ ಮೂಕಪ್ರಾಣಿಗಳ ಪರವಾಗಿ ಅವರು ಪಟ್ಟ ಶ್ರಮ 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿಗೆ ಕಾರಣವಾಯಿತು. 1977ರಲ್ಲಿ ಪ್ರಧಾನಿಯಾದ ಮೊರಾರ್ಜಿಯವರು ರಾಷ್ಟ್ರಪತಿ ಪದವಿಗೆ ನಿಲ್ಲುವಂತೆ ಕೇಳಿದ್ದು ಇವರನ್ನೇ. ಇವರು ಒಪ್ಪಲಿಲ್ಲ. ಒಂದೇ ತಾರೀಖಿನಲ್ಲಿ ಹುಟ್ಟಿದ ಇಬ್ಬರು ಈ ದೇಶದ ಎರಡು ಅತ್ಯುನ್ನತ ಸ್ಥಾನಗಳಲ್ಲಿ ಇರಬಹುದಾಗಿದ್ದ ಅವಕಾಶ ಹೀಗೆ ತಪ್ಪಿತು. ಜ್ಯೋತಿಷಿಗಳು ಇದರಿಂದ ಏನು ಸಿದ್ಧಾಂತ ಮಾಡುವರೋ ನಾನರಿಯೆ. ಒಬ್ಬರು ಕುರ್ಚಿಯನ್ನು ಹಿಡಿದರು, ಇನ್ನೊಬ್ಬರು ಬೇಡವೆಂದರು. ರುಕ್ಮಿಣೀದೇವಿಯವರು 1986ರ ಫೆಬ್ರವರಿ 24ರಂದು ತೀರಿಕೊಂಡರು. ಮೊರಾರ್ಜಿಯವರು 1995ರವರೆಗೆ, ತೊಂಬತ್ತೊಂಬತ್ತು ವರ್ಷ ಬಾಳಿದರು. ತಾರೀಖಿನ ಲೆಕ್ಕದಲ್ಲಿ ಅವರಿಗೆ ದೊರೆತ ಹುಟ್ಟುಹಬ್ಬಗಳು ಇಪ್ಪತ್ತಮೂರು ಮಾತ್ರ.

ಹಣಕಾಸಿನ ಮಂತ್ರಿಗಳಾಗಿ ಮೊರಾರ್ಜಿಯವರು ಎರಡು ಸಲ, 1960ರಲ್ಲಿಯೂ 1968ರಲ್ಲಿಯೂ, ತಮ್ಮ ಜನ್ಮದಿನದಂದೇ ಲೋಕಸಭೆಯಲ್ಲಿ ಮುಂಗಡ ಪತ್ರವನ್ನು ಮಂಡಿಸಿದರು. ಆಗ ಮುಂಗಡ ಪತ್ರವನ್ನು ಫೆಬ್ರವರಿಯ ಕೊನೆಯಲ್ಲಿ ಸಂಜೆಯ ಹೊತ್ತು ಓದುವ ಪದ್ಧತಿಯಿತ್ತು. 1960ರ ಅದೇ ದಿನದ ರಾತ್ರಿ, ಮಧ್ಯರಾತ್ರಿಗೆ ಇನ್ನು ಇಪ್ಪತ್ತು ನಿಮಿಷವಿರುವಾಗ, ಮೊರಾಕ್ಕೊ ದೇಶದ ಅಗಾದಿರ್ ಪಟ್ಟಣದಲ್ಲಿ ಭೂಮಿ ಕಂಪಿಸಿತು. ಕೆಲವೇ ಸೆಕೆಂಡುಗಳು, ಸತ್ತವರು ಹನ್ನೆರಡು ಸಾವಿರಕ್ಕೆ ಕಡಮೆಯಿಲ್ಲ. ಕಂಪನದ ಬಲವೇನೂ ಅಸಾಧಾರಣವಾದದ್ದಲ್ಲ. ಅದರ ಕೇಂದ್ರ ಪಟ್ಟಣದ ಕೆಳಗೇ, ನೆಲಕ್ಕೆ ಸಮೀಪದಲ್ಲಿತ್ತು. ಮನೆಗಳು ಅಂಥ ಅಲುಗಾಟವನ್ನು ತಾಳುವಂತೆ ಕಟ್ಟಿದವಾಗಿರಲಿಲ್ಲ. ಇಪ್ಪತ್ತು ನಿಮಿಷ ತಡವಾಗಿದ್ದರೆ ಆ ಪಟ್ಟಣದ ಶ್ರಾದ್ಧದ ದಿನ ವರ್ಷವರ್ಷವೂ ಬರುತ್ತಿತ್ತು. ಆದರೆ ಮನೆಯವರನ್ನು ಕಳೆದುಕೊಂಡವರು ನಾಲ್ಕು ವರ್ಷ ಕಾಯ್ದು ಅಳುವರೆ?

1940ರ ಫೆಬ್ರವರಿ 29ರಂದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಹ್ಯಾಟಿ ಮ್ಯಾಕ್‌ಡೇನಿಯಲ್ ಎಂಬ ನೀಗ್ರೋ ನಟಿಗೆ (ಅಂದಿನ ಪತ್ರಿಕೆಗಳ ಮಾತು ಇದು, ಇಂದು ಆಫ್ರಿಕನ್ ಅಮೆರಿಕನ್ ಎನ್ನುವುದೇ ಸರಿ) ಪ್ರಶಸ್ತಿ ದೊರೆಯಿತು. ಆ ಜನಾಂಗದವರಿಗೆ ಸಂದ ಮೊದಲ ಆಸ್ಕರ್ ಅದು. ಆದರೆ ಆಕೆಯನ್ನು ಉಳಿದ ನಟನಟಿಯರ ಜೊತೆ ಕೂರಿಸದೆ, ಗೋಡೆಯ ಬದಿಯ ಬೇರೊಂದು ಮೇಜಿನಲ್ಲಿ ಕೂರಿಸಿದ್ದರು. ಪಂಕ್ತಿಭೇದವನ್ನು ನಮ್ಮ ದೇಶದ್ದೇ ಸ್ವತ್ತೆಂದು ತಿಳಿದವರು ಇದನ್ನು ಗಮನಿಸಬೇಕು.

ಒಂದು ದಿನದ ಅಂತರದಲ್ಲಿ ಈ ತಾರೀಖಿಗೆ ತಪ್ಪಿಹೋದ ಗೌರವವೂ ಒಂದುಂಟು. ಸರ್ ಸಿ. ವಿ. ರಾಮನ್ ಅವರು ಕಲಕತ್ತೆಯಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡದ್ದು 1928ರ ಫೆಬ್ರವರಿ 28ರಂದು. ಸುದ್ದಿ ಪತ್ರಿಕೆಗಳಿಗೆ ಹೋದದ್ದು ಮರುದಿನ, ಅಂದರೆ 29ರಂದು. ಪ್ರಕಟವಾದ ದಿನವನ್ನೇ ಹಿಡಿದಿದ್ದರೆ ರಾಷ್ಟ್ರೀಯ ವಿಜ್ಞಾನ ದಿನ ನಾಲ್ಕು ವರ್ಷಕ್ಕೊಮ್ಮೆ ಬರುತ್ತಿತ್ತು! 1987ರಿಂದ ಅದನ್ನು 28ರಂದು ಆಚರಿಸುತ್ತಿರುವುದು ಎಲ್ಲ ರೀತಿಯಲ್ಲಿಯೂ ಅನುಕೂಲವಾಗಿದೆ. ಎರಡು ವಾರಗಳ ಬಳಿಕ, ಮಾರ್ಚಿ 16ರಂದು, ರಾಮನ್ ಅವರು ಈ ಹೊಸ ಬೆಳಕಿನ ವಿಷಯವಾಗಿ ವಿಸ್ತಾರವಾದ ಉಪನ್ಯಾಸ ಮಾಡಿದ್ದು ನಮ್ಮ ಬೆಂಗಳೂರಿನಲ್ಲಿ.

ಆಚರಣೆಗಳಲ್ಲಿ ಈ ದಿನಕ್ಕೆ ಒಪ್ಪುವಂಥದು ವಿರಳ ರೋಗಗಳ ದಿನ. ಕೆಲವರಿಗೆ ಮಾತ್ರ ಬರುವ, ಆದ್ದರಿಂದಲೇ ಔಷಧ ಹುಡುಕುವವರೂ ಕಡಮೆಯಾಗಿರುವ ಕಾಯಿಲೆಗಳತ್ತ ಗಮನ ಸೆಳೆಯಲು ಯೂರೋಪಿನಲ್ಲಿ ಇದನ್ನು 2008ರ ಫೆಬ್ರವರಿ 29ರಂದು ಆರಂಭಿಸಿದರು. ವಿರಳ ರೋಗಕ್ಕೆ ವಿರಳ ದಿನ. ಇತರ ವರ್ಷಗಳಲ್ಲಿ ಫೆಬ್ರವರಿಯ ಕೊನೆಯ ದಿನವೇ ಅದು.

ಈ ದಿನ ಹುಟ್ಟಿದ ಸಹಪಾಠಿಯೊಬ್ಬ ನನಗಿದ್ದಾನೆ. ಹಳ್ಳಿಯ ಶಾಲೆಗೆ ಸೇರಿಸುವಾಗ ಅಲ್ಲಿನ ಮೇಷ್ಟ್ರು, ಇಂಥ ತಾರೀಖು ಮುಂದೆ ಹುಡುಗನಿಗೆ ತೊಡಕಾದೀತೆಂದು ಮಾರ್ಚಿ 1 ಎಂದು ಬರೆದುಕೊಂಡರಂತೆ. ಅವನಿಗೆ ಇದೊಂದು ಕೊರಗು. ನನ್ನ ಒಂದು ದಿನವನ್ನು ಕದ್ದರು ಎನ್ನುತ್ತಾನೆ. ನಾನು ಮೇಷ್ಟ್ರ ಪರ. 1875ರ ಪ್ರಾಪ್ತ ವಯಸ್ಸಿನ ಕಾನೂನು ಇಂದಿರುವ ರೂಪದಲ್ಲಿ, ಹುಟ್ಟಿದ ದಿನದ ಹದಿನೆಂಟನೆಯ ವಾರ್ಷಿಕ ದಿನ ಆರಂಭವಾದೊಡನೆ ಮನುಷ್ಯ ಪ್ರಾಪ್ತ ವಯಸ್ಕನಾಗುತ್ತಾನೆ ಎನ್ನುತ್ತದೆ. ಅಧಿಕ ವರ್ಷಕ್ಕೆ ಹದಿನೆಂಟನ್ನು ಕೂಡಿಸಿದರೆ ಎಂದೆಂದಿಗೂ ಅಧಿಕ ವರ್ಷ ಬಾರದು. ಅಂದಮೇಲೆ ಈ ತಾರೀಖಿನವರ ಹದಿನೆಂಟನೆಯ ವಾರ್ಷಿಕ ದಿನ ಕ್ಯಾಲೆಂಡರಿನಲ್ಲಿ ಇರುವುದೇ ಇಲ್ಲ! ಇನ್ನು ಅವನು ಕೇಂದ್ರ ಸರಕಾರದ ನೌಕರಿಗೆ ಸೇರಿದನೆನ್ನೋಣ. ಅಲ್ಲಿ ಅರವತ್ತು ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ; ಒಂದನೆಯ ತಾರೀಖಿನಂದು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಆದ್ದರಿಂದ ಮೇಷ್ಟ್ರು ಬರೆದ ತಾರೀಖಿನಂತೆಯೂ ತಾಯಿ ಹೆತ್ತ ತಾರೀಖಿನಂತೆಯೂ ಅವನು ಮನೆಗೆ ಹೋಗುವ ದಿನ ಒಂದೇ. ಇದನ್ನು ವಿವರಿಸಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಆಗ ನಮ್ಮ ಪಂಚಾಂಗಗಳ ಕಡೆಗೆ ಅವನನ್ನು ತಿರುಗಿಸಿದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ಸೌರಮಾನಕ್ಕಿಂತ ಹನ್ನೊಂದು ದಿನ ಕಡಮೆ. ನಮ್ಮ ಹಿರಿಯರು ಈ ಬಾಕಿಯನ್ನು ದಿನದ ಲೆಕ್ಕದಲ್ಲಿ ತೀರಿಸದೆ, 32 ಅಥವಾ 33 ತಿಂಗಳಿಗೊಮ್ಮೆ ಇಡಿಯ ಅಧಿಕ ಮಾಸವನ್ನೇ ಸೇರಿಸುತ್ತಾರೆ. ತಿಥಿ ಹಿಡಿದು ಹುಟ್ಟುಹಬ್ಬ ಮಾಡುವ ಮನೆಗಳಲ್ಲಿ ಇವನಿಗೆ ವರ್ಷವರ್ಷವೂ ಎಣ್ಣೆಸ್ನಾನ, ಪಾಯಸ ತಪ್ಪದು. ಇದಕ್ಕಿಂತ ಸೊಗಸಾದದ್ದು ರಾಷ್ಟ್ರೀಯ ಪಂಚಾಂಗ. ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಇದು 1957ರ ಮಾರ್ಚಿ 22ರಂದು ಜಾರಿಗೆ ಬಂದಿತು. ಸರಕಾರಿ ರಾಜಪತ್ರದ ಹೊರಗೆ ಇದನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಇದರಲ್ಲಿ ಹೆಚ್ಚಿನ ದಿನವನ್ನು ಚೈತ್ರಕ್ಕೆ ಕೊಟ್ಟಿದ್ದಾರೆ. ಫಾಲ್ಗುಣಕ್ಕೆ ಯಾವಾಗಲೂ ಮೂವತ್ತೇ ದಿನ. ಅಧಿಕ ವರ್ಷದ ಫೆಬ್ರವರಿ 29 ಈ ಪಂಚಾಂಗದಲ್ಲಿ ಫಾಲ್ಗುಣ 10. ಸಾಮಾನ್ಯ ವರ್ಷದ ಮಾರ್ಚಿ 1 ಕೂಡ ಫಾಲ್ಗುಣ 10! ಹಳ್ಳಿಯ ಮೇಷ್ಟ್ರು ಸಹಾ ಸಮಿತಿಯ ವರದಿಯನ್ನು ಓದಿರಲಾರರು. ಇದನ್ನು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದಾಗ ಗೆಳೆಯ ಎರಡು ಸಲ ಬೆರಳು ಮಡಿಸಿ ಎಣಿಸಿ, ಆ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡ.

ಗ್ರೆಗೊರಿಯ ಲೆಕ್ಕವನ್ನೇ ನಂಬಿದವರಿಗೆ ಮುಂದೆ ಇನ್ನೊಂದು ಬರಗಾಲವಿದೆ. 2100 ಅಧಿಕ ವರ್ಷವಲ್ಲ. ಆದ್ದರಿಂದ 2096ರ ಫೆಬ್ರವರಿ 29ರಂದು ಹುಟ್ಟುವ ಮಗು, ಮೊರಾರ್ಜಿಯವರಂತೆಯೇ, ತನ್ನ ಮೊದಲ ಹುಟ್ಟುಹಬ್ಬಕ್ಕಾಗಿ 2104ರವರೆಗೆ ಕಾಯಬೇಕು.