ನಾಲಿಗೆಯಿಂದ ಮೂಸುವ ಹಾವುರಾಣಿ, ಕಣ್ಣಿಂದ ಬೇಟೆಯಾಡುವ ಓತಿಕೇತ



ನಮ್ಮ ಸಿರ್ಗಾಪುರದ ಕಡೆ ಹೊಲದ ಬದುವಿಗೆ ಹೋದರೆ ಎರಡು ಪ್ರಾಣಿ ಕಣ್ಣಿಗೆ ಬೀಳ್ತವೆ. ಒಂದು, ಬೇಲಿಗೂಟದ ತುದಿಯಲ್ಲಿ ತಲೆ ಎತ್ತಿ ಕೂತ ಓತಿಕೇತ. ಇನ್ನೊಂದು, ಒಣ ಎಲೆಗಳ ನಡುವೆ ಸರಸರ ಸದ್ದು ಮಾಡ್ತಾ ಹೋಗುವ, ಎಣ್ಣೆ ಹಚ್ಚಿದ ಹಾಗೆ ಮೈ ಹೊಳೆಯುವ ಹಾವುರಾಣಿ. ಮೊದಲನೆಯದು ಎಷ್ಟು ಹೊತ್ತು ನೋಡಿದರೂ ಕೂತ ಜಾಗ ಬಿಡೋದು ಅಪರೂಪ. ಎರಡನೆಯದು ಒಂದು ಕಡೆ ನಿಲ್ಲೋದೇ ಕಡಿಮೆ. ಎರಡೂ ಹುಳಹುಪ್ಪಟೆ ತಿನ್ನುವವೇ, ಎರಡೂ ಹಲ್ಲಿ ಬಳಗದವೇ. ಹಾಗಿದ್ದ ಮೇಲೆ ಈ ವ್ಯತ್ಯಾಸ ಯಾಕೆ?

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ, ಯಾಕಂದರೆ ನಮ್ಮ ಕಡೆ ಮನೆಯಲ್ಲಿ ಒಂದು ಮಾತು, ಬಜಾರಿನಲ್ಲಿ ಒಂದು ಮಾತು. ತೆಲುಗು ಗೆಳೆಯರು ತೊಂಡ ಅನ್ನೋದೇ ನಮ್ಮ ಓತಿಕೇತ. ಅವರ ಉಡುಮು ನಮ್ಮ ಉಡ. ಅವರ ಬಲ್ಲಿ ನಮ್ಮ ಹಲ್ಲಿ. ಹಳಗನ್ನಡದಲ್ಲಿ ಇದು ಪಲ್ಲಿ ಆಗಿತ್ತು. ಪಕಾರ ಹಕಾರ ಆಗುವುದನ್ನು ನಿಮ್ಮ ಕನ್ನಡ ಮೇಷ್ಟ್ರು ಹೇಳಿರ್ತಾರೆ.

ಈಗ ಬೇಟೆಗೆ ಬರೋಣ. ಊಟ ಹುಡುಕೋದಕ್ಕೆ ಹಲ್ಲಿ ಬಳಗದಲ್ಲಿ ಮುಖ್ಯವಾಗಿ ಎರಡು ದಾರಿ ಇವೆ. ಕೂತು ಕಾಯುವುದು ಒಂದು, ಅಲೆದು ಹುಡುಕುವುದು ಇನ್ನೊಂದು. 1966ರಲ್ಲಿ ಅಮೆರಿಕದ ಎರಿಕ್ ಪಿಯಾಂಕಾ ಎಂಬ ವಿಜ್ಞಾನಿ ಮರುಭೂಮಿಯ ಹಲ್ಲಿಗಳನ್ನು ನೋಡಿ ಈ ವಿಂಗಡಣೆ ಮಾಡಿದರು. ಓತಿಕೇತ ಕಾಯುವ ಗುಂಪು. ಎತ್ತರದಲ್ಲಿ ಕೂತು ಸುತ್ತ ಕಣ್ಣಾಡಿಸ್ತದೆ. ಇರುವೆಯೋ ಮಿಡತೆಯೋ ಅಲುಗಾಡಿದರೆ ಇಳಿದು ಬಂದು ಹಿಡಿದು ಮತ್ತೆ ಗೂಟ ಏರ್ತದೆ. ‘ಓತಿಕೇತಕ್ಕೆ ಬೇಲಿಗೂಟ ಸಾಕ್ಷಿ’ ಅನ್ನೋ ಗಾದೆ ಕಟ್ಟಿದವರು ಇದನ್ನು ಚೆನ್ನಾಗಿಯೇ ಗಮನಿಸಿದ್ದರು. ರಾತ್ರಿ ಟ್ಯೂಬ್‌ಲೈಟ್ ಪಕ್ಕ ಕಾಯುವ ಮನೆಹಲ್ಲಿಯೂ ಬಹುಮಟ್ಟಿಗೆ ಇದೇ ಜಾತಿಯ ಬೇಟೆಗಾರ.

ಹಾವುರಾಣಿ ಮತ್ತು ಉಡ ಅಲೆಯುವ ಗುಂಪು. ಇವಕ್ಕೆ ಬೇಕಾದ ತಿನಿಸು ಬಹಳ ಸಲ ಅಲುಗಾಡೋದೇ ಇಲ್ಲ. ಕಲ್ಲಿನ ಕೆಳಗೆ ಗೊಬ್ಬರದ ಹುಳ, ಮಣ್ಣಿನಲ್ಲಿ ಗೆದ್ದಲು, ಹೂತಿಟ್ಟ ಮೊಟ್ಟೆ. ಅವನ್ನು ಕಣ್ಣಿಂದ ಹುಡುಕಲು ಆಗೋದಿಲ್ಲ. ಅಲ್ಲಿ ಕೆಲಸಕ್ಕೆ ಬರೋದು ನಾಲಿಗೆ.

ಉಡವೋ ಹಾವುರಾಣಿಯೋ ನಡೆಯುವಾಗ ಗಮನಿಸಿ: ನಾಲಿಗೆ ಹೊರಗೆ ಬಂತು, ನೆಲ ಮುಟ್ಟಿತು, ಒಳಗೆ ಹೋಯಿತು, ಮತ್ತೆ ಬಂತು. ಇದು ರುಚಿ ನೋಡೋದಲ್ಲ, ಮೂಸೋದು. ಮೂಗಿನಿಂದ ವಾಸನೆ ತಿಳಿಯಬೇಕಾದರೆ ಆ ವಸ್ತುವಿನ ಕಣಗಳು ಗಾಳಿಯಲ್ಲಿ ಹಾರಿ ಬರಬೇಕು. ಊದುಬತ್ತಿಯ ಕಣ ಹಾರ್ತದೆ. ಆದರೆ ಹುಳ ಹರಿದ ಜಾಗದಲ್ಲಿ ಉಳಿದ ಕೊಬ್ಬಿನಂಥ ಭಾರವಾದ ಕಣ ಹಾರೋದಿಲ್ಲ, ನೆಲಕ್ಕೇ ಅಂಟಿರ್ತದೆ. ಅದನ್ನು ಹೋಗಿ ಎತ್ತಿಕೊಂಡು ಬರಬೇಕು. ಒದ್ದೆ ನಾಲಿಗೆ ಮಾಡೋದು ಅದನ್ನೇ. ಬಾಯಿಯ ಅಂಗಳದಲ್ಲಿ, ಅಂದರೆ ಮೇಲ್ಭಾಗದಲ್ಲಿ, ಎರಡು ಸಣ್ಣ ರಂಧ್ರ ಇವೆ. ನಾಲಿಗೆ ತಂದ ಕಣಗಳು ಅವುಗಳ ಮೂಲಕ ಒಂದು ಜೊತೆ ಪುಟ್ಟ ಚೀಲಗಳನ್ನು ಸೇರ್ತವೆ. ಅಲ್ಲಿಂದ ನರದ ಮೂಲಕ ಮೆದುಳಿಗೆ ಸುದ್ದಿ ಹೋಗ್ತದೆ. ಈ ಚೀಲಗಳಿಗೆ ಜೇಕಬ್ಸನ್ ಅಂಗ ಅಂತ ಹೆಸರು. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಅದನ್ನು ವಿವರಿಸಿ ಇನ್ನೂರು ವರ್ಷದ ಮೇಲಾಯಿತು.

ಇದು ಹಲ್ಲಿ, ಹಾವಿಗೆ ಮಾತ್ರ ಇರುವುದಲ್ಲ. ನಿಮ್ಮ ಕೊಟ್ಟಿಗೆಯಲ್ಲೇ ನೋಡಿರ್ತೀರಿ. ಹೋರಿಯೋ ಕೋಣವೋ ಹಸು-ಎಮ್ಮೆಯ ಗಂಜಲ ಮೂಸಿ, ಕುತ್ತಿಗೆ ಚಾಚಿ, ಮೇಲ್ದುಟಿ ಮಡಚಿ, ನಗುವ ಹಾಗೆ ನಿಂತುಬಿಡ್ತದೆ. ನಾವು ನಗ್ತೀವಿ, ಅದು ಮಾತ್ರ ತನ್ನ ಜೇಕಬ್ಸನ್ ಅಂಗಕ್ಕೆ ಕಣಗಳನ್ನು ಸೇರಿಸ್ತಾ ಇರ್ತದೆ.

ಉಡದ ನಾಲಿಗೆ ಹಾವಿನದರ ಹಾಗೆ ಸೀಳಿರೋದು ಯಾಕೆ? ಒಂದು ರುಚಿಗೆ ಎರಡು ಪಟ್ಟು ಸುಖ ಸಿಗಲಿ ಅಂತ, ಎಂದು ಗ್ರೀಕರ ಅರಿಸ್ಟಾಟಲ್ ಬರೆದ. ದೊಡ್ಡವರೂ ಊಹೆ ಮಾಡಿಬಿಡ್ತಾರೆ! 1994ರಲ್ಲಿ ಕರ್ಟ್ ಶ್ವೆಂಕ್ ಎಂಬ ವಿಜ್ಞಾನಿ ಮುಂದಿಟ್ಟ ವಿವರಣೆ ಹೆಚ್ಚು ಒಪ್ಪುವಂಥದ್ದು. ಸೀಳಿದ ನಾಲಿಗೆಯ ಎರಡು ತುದಿ ನೆಲದ ಎರಡು ಜಾಗ ಮುಟ್ಟುತ್ತವೆ. ಎಡತುದಿಯಲ್ಲಿ ವಾಸನೆ ಗಾಢವಾಗಿದ್ದರೆ ಎಡಕ್ಕೆ ತಿರುಗು, ಬಲದಲ್ಲಿದ್ದರೆ ಬಲಕ್ಕೆ. ಸದ್ದು ಯಾವ ಕಡೆಯಿಂದ ಬಂತು ಅಂತ ನಮ್ಮ ಎರಡು ಕಿವಿ ಹೇಳೋ ಹಾಗೆ, ಬೇಟೆ ಯಾವ ದಾರಿ ಹಿಡಿಯಿತು ಅಂತ ಎರಡು ತುದಿ ಹೇಳ್ತವೆ.

ಓತಿಕೇತ ಯಾಕೆ ಹೀಗೆ ಮಾಡೋದಿಲ್ಲ? ಇಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಇದೆ. ಅದರ ನಾಲಿಗೆಗೆ ಬೇರೆ ಕೆಲಸ ಇದೆ. ಓತಿಕೇತದ ನಾಲಿಗೆ ಗಿಡ್ಡ, ದಪ್ಪ, ಅಂಟು. ಅದರಿಂದಲೇ ಇರುವೆ ಎತ್ತಿ ಬಾಯಿಗೆ ಹಾಕಿಕೊಳ್ತದೆ. ಹಾವುರಾಣಿ, ಉಡಗಳು ಹುಳವನ್ನು ದವಡೆಯಿಂದ ಕಚ್ಚಿ ಹಿಡಿಯೋದರಿಂದ ಅವುಗಳ ನಾಲಿಗೆ ಮೂಸುವ ಕೆಲಸಕ್ಕೆ ಬಿಡುವಾಯಿತು. ಮನೆಹಲ್ಲಿಯೂ ದವಡೆಯಿಂದಲೇ ಹಿಡಿಯೋದು. ಅದು ನಾಲಿಗೆಯಿಂದ ತನ್ನ ಕಣ್ಣು ಒರೆಸಿಕೊಳ್ತದೆ, ಯಾಕಂದರೆ ಅದಕ್ಕೆ ಮುಚ್ಚಿ ತೆರೆಯುವ ರೆಪ್ಪೆ ಇಲ್ಲ.

ಇದನ್ನೆಲ್ಲ ಪರೀಕ್ಷೆ ಮಾಡಿದ್ದು ಹೇಗೆ ಅನ್ನೋದು ನಿಮಗೆ ಉಪಯೋಗದ ಪಾಠ. ಅಮೆರಿಕದ ವಿಲಿಯಂ ಕೂಪರ್ ಹತ್ತಿ ಸುತ್ತಿದ ಕಡ್ಡಿಗಳನ್ನು ಹಲ್ಲಿಗಳ ಮೂತಿಯ ಮುಂದೆ ಹಿಡಿದು, ಎಷ್ಟು ಸಲ ನಾಲಿಗೆ ಚಾಚಿದವು ಅಂತ ಎಣಿಸಿದರು. ಒಂದು ಕಡ್ಡಿಗೆ ಹುಳದ ವಾಸನೆ, ಒಂದಕ್ಕೆ ಬರೀ ನೀರು, ಮತ್ತೊಂದಕ್ಕೆ ಸೆಂಟು. ಸೆಂಟು ಯಾಕೆ? ಹಲ್ಲಿ ನಾಲಿಗೆ ಚಾಚಿದ್ದು ಹುಳದ ವಾಸನೆಗೋ ಅಥವಾ ಯಾವುದೇ ಗಾಢ ವಾಸನೆಗೋ ಅಂತ ಬೇರ್ಪಡಿಸಬೇಕಲ್ಲ! ಅಲೆಯುವ ಜಾತಿಗಳು ಹುಳದ ಕಡ್ಡಿಗೆ ಹೆಚ್ಚು ನಾಲಿಗೆ ಚಾಚಿದವು, ಕೆಲವು ಕಚ್ಚಿಯೇ ಬಿಟ್ಟವು. ಕಾಯುವ ಬಹುತೇಕ ಜಾತಿಗಳಿಗೆ ಮೂರು ಕಡ್ಡಿಯೂ ಒಂದೇ.

ವಾಸನೆ ಊಟಕ್ಕಷ್ಟೇ ಅಲ್ಲ, ಸುದ್ದಿಗೂ ಬೇಕು. ಕಿಟಕಿಯ ಗಾಜಿನ ಆಚೆ ಹಲ್ಲಿ ಕೂತಾಗ ಈಚೆಯಿಂದ ಅದರ ತೊಡೆಯ ಕೆಳಭಾಗ ನೋಡಿ. ಗಂಡಾಗಿದ್ದರೆ ಹಲವು ಜಾತಿಗಳಲ್ಲಿ ಚುಕ್ಕೆಗಳ ಸಾಲು ಕಾಣ್ತದೆ. ಆ ರಂಧ್ರಗಳಿಂದ ಮೇಣದಂಥ ಪದಾರ್ಥ ಒಸರಿ, ಹಲ್ಲಿ ಓಡಾಡಿದ ಕಡೆ ಅಂಟಿಕೊಳ್ತದೆ. ಬೇರೆ ಹಲ್ಲಿಗಳಿಗೆ ಅದು ಗೋಡೆಗೆ ಅಂಟಿಸಿದ ನೋಟಿಸು. ಓತಿಕೇತಕ್ಕೆ ಈ ರಂಧ್ರಗಳಿಲ್ಲ. ಅದು ಬಣ್ಣದಲ್ಲಿ ಮಾತಾಡುವ ಪ್ರಾಣಿ. ಗಂಡಿನ ಕತ್ತು ಕೆಂಪಾದರೆ ‘ರಕ್ತ ಹೀರ್ತದೆ’ ಅಂತ ಹುಡುಗರು ಕಲ್ಲು ಹೊಡೀತಾರೆ. ಅದು ಹೆಣ್ಣಿಗೂ ಎದುರಾಳಿ ಗಂಡಿಗೂ ತೋರಿಸುವ ಬಣ್ಣ, ರಕ್ತದ ಸಂಬಂಧ ಏನೂ ಇಲ್ಲ.

ಇನ್ನು ತಪ್ಪಿಸಿಕೊಳ್ಳುವುದು. ಗಿಡುಗ, ಕೆಂಬೂತ, ಮುಂಗುಸಿ, ಹಾವು, ಬೆಕ್ಕು ಎಲ್ಲರಿಗೂ ಹಲ್ಲಿ ಊಟವೇ. ಮನೆಹಲ್ಲಿಯ ಬಾಲದ ಉಪಾಯ ನಿಮಗೆ ಗೊತ್ತು. ಬಾಲದ ಮೂಳೆಗಳ ಒಳಗೇ ಮುರಿಯಲೆಂದು ಸೀಳುಗೆರೆ ಇರ್ತವೆ, ಪೋಸ್ಟ್ ಸ್ಟಾಂಪಿನ ಹಾಳೆಯಲ್ಲಿ ತೂತಿನ ಗೆರೆ ಇದ್ದ ಹಾಗೆ. ಸ್ನಾಯು ಬಿಗಿದಾಗ ಅಲ್ಲೇ ತುಂಡಾಗ್ತದೆ, ರಕ್ತನಾಳ ಮುದುಡಿಕೊಳ್ತದೆ. ತುಂಡಿನೊಳಗಿನ ನರಗಳೇ ಅದನ್ನು ಕೆಲವು ನಿಮಿಷ ಕುಣಿಸ್ತವೆ. ಬೆಕ್ಕು ಕುಣಿಯುವ ಬಾಲ ಹಿಡೀತದೆ, ಹಲ್ಲಿ ಗೋಡೆ ಏರ್ತದೆ. ಆದರೆ ಇದು ಪುಕ್ಕಟೆ ಅಲ್ಲ. ಬಾಲದಲ್ಲಿ ಕೊಬ್ಬು ಕೂಡಿಟ್ಟಿರ್ತದೆ, ಅದು ಹೋಯಿತು. ಮತ್ತೆ ಬೆಳೆದ ಬಾಲದಲ್ಲಿ ಮೂಳೆಯ ಬದಲು ಮೃದ್ವಸ್ಥಿಯ ಕೊಳವೆ ಇರ್ತದೆ, ಸೀಳುಗೆರೆ ಇರೋದಿಲ್ಲ. ಹಾಗಾಗಿ ಮುಂದಿನ ಸಲ ಬಾಲ ಇನ್ನೂ ಮೇಲಕ್ಕೆ, ಸೊಂಟದ ಹತ್ತಿರ ಮುರಿಯಬೇಕು. ಹಾವುರಾಣಿಯೂ ಬಾಲ ಬಿಡ್ತದೆ. ಓತಿಕೇತ, ಉಡ ಬಿಡೋದಿಲ್ಲ. ಉಡ ಬಾಲವನ್ನೇ ಚಾಟಿಯ ಹಾಗೆ ಬೀಸ್ತದೆ. ಬಿರುಕಿನಲ್ಲಿ ಹೊಕ್ಕರೆ ಮೈ ಉಬ್ಬಿಸಿ ಉಗುರೂರಿ ಕೂತುಬಿಡ್ತದೆ, ಎಳೆದರೂ ಬರೋದಿಲ್ಲ. ಸಂಡೂರು, ಮುಧೋಳದ ಘೋರ್ಪಡೆ ಮನೆತನದ ಹೆಸರು ಉಡದ ಮರಾಠಿ ಹೆಸರಾದ ಘೋರ್ಪಡ್‌ನಿಂದ ಬಂತು ಅಂತ ಹೇಳೋದೂ ಈ ಹಿಡಿತದ ಕಾರಣಕ್ಕೇ.

ಆದರೆ ಬಾಲ, ಚಾಟಿ ಎಲ್ಲ ಕೊನೆಯ ಗಳಿಗೆಯ ಮಾತು. ಅದಕ್ಕಿಂತ ಮೊದಲಿನ ಪ್ರಶ್ನೆ: ಯಾವಾಗ ಓಡಬೇಕು? ಶತ್ರು ಕಂಡ ಕೂಡಲೇ ಅಂತ ನೀವು ಹೇಳಬಹುದು. ಹಾಗಿಲ್ಲ. ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ನಾರಾಯಣಖೇಡದ ಬಸ್ಸು ದೂರದಲ್ಲಿ ಕಂಡರೆ ತಟ್ಟೆ ಬಿಟ್ಟು ಓಡ್ತೀರಾ? ಇನ್ನೆರಡು ತುತ್ತು ತಿಂದು, ತಡಮಾಡಿದರೆ ಬಸ್ಸು ತಪ್ಪುತ್ತದೆ ಅನ್ನುವ ಹೊತ್ತಿಗೆ ಏಳ್ತೀರಿ. 1986ರಲ್ಲಿ ಈಡನ್‌ಬರ್ಗ್ ಮತ್ತು ಡಿಲ್ ಪ್ರಾಣಿಗಳ ಓಟದ ಬಗ್ಗೆ ಇದೇ ಲೆಕ್ಕ ಹಾಕಿದರು. ಬೇಗ ಓಡಿದರೆ ಊಟ, ಬಿಸಿಲು, ಜಾಗ ನಷ್ಟ. ತಡವಾದರೆ ಜೀವ ನಷ್ಟ. ಎರಡೂ ನಷ್ಟ ಸರಿಸಮ ಆಗುವ ದೂರದಲ್ಲಿ ಪ್ರಾಣಿ ಓಡ್ತದೆ.

ಈ ದೂರ ಶತ್ರುಗಳ ಸಂಖ್ಯೆಯ ಜೊತೆ ಬದಲಾಗ್ತದೆ ಅನ್ನೋದಕ್ಕೆ ಉದಾಹರಣೆ ನಮ್ಮ ದಖ್ಖನ್ ಸೀಮೆಯಲ್ಲೇ ಇದೆ. ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಮತ್ತು ಸಂಗಡಿಗರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಗಾಳಿಯಂತ್ರ ಇಲ್ಲದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಹೆಚ್ಚು. ಯಂತ್ರ ಇರುವ ಕಡೆ ಹಕ್ಕಿ ಕಡಿಮೆ, ಹಾಗಾಗಿ ಬೀಸಣಿಗೆಯಂಥ ಬಣ್ಣದ ಗಂಟಲಿನ ಸರದಾ ಸುಪರ್ಬಾ ಎಂಬ ಓತಿಗಳು ಹೆಚ್ಚು. ಅಷ್ಟೇ ಅಲ್ಲ, ಆ ಓತಿಗಳು ಮನುಷ್ಯ ಬಹಳ ಹತ್ತಿರ ಬರುವ ತನಕ ಓಡಲೇ ಇಲ್ಲ. ಮೇಲೆ ತಿರುಗುವ ರೆಕ್ಕೆ ಕೆಳಗಿನ ಓತಿಯ ಧೈರ್ಯ ಬದಲಿಸಿತು!

ನಮ್ಮ ಕಡೆ ಉಡಕ್ಕೂ ಹಾವುರಾಣಿಗೂ ದೊಡ್ಡ ಶತ್ರು ಗಿಡುಗ ಅಲ್ಲ, ನಾವು. ಹಾವುರಾಣಿ ಕಚ್ಚಿದರೆ ಸಾವು ಅಂತ ಹೊಡೆದು ಹಾಕ್ತೇವೆ. ಅದಕ್ಕೆ ವಿಷವೇ ಇಲ್ಲ. ಪಟ್ಟೆಚುಕ್ಕೆಯ ಉಡದ ಮರಿಯನ್ನೂ ಹೀಗೇ ಕೊಲ್ತಾರೆ, ದೊಡ್ಡ ಉಡವನ್ನು ಮಾಂಸಕ್ಕೆ, ಎಣ್ಣೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ ಉಡ ಇದೆ, ಹುಲಿ ಇರುವ ಪಟ್ಟಿ ಅದು. ಕೊಂದರೆ ಜೈಲು. ಮನೆಗೆ ‘ಔಷಧದ ಎಣ್ಣೆ’ ಮಾರಲು ಬಂದವರ ಎದುರು ಇದನ್ನು ಹೇಳುವ ಧೈರ್ಯ ನಿಮಗಿದ್ದರೆ ಹೇಳಿ. ಇಲ್ಲದಿದ್ದರೆ ನಿಮ್ಮ ಸೈನ್ಸ್ ಟೀಚರಿಗೆ ತಿಳಿಸಿ.

ಈ ತಿಂಗಳು ಒಂದು ಪ್ರಯೋಗ ಮಾಡಿ. ಶಾಲೆಯ ಕಾಂಪೌಂಡಿನಲ್ಲಿ ಓತಿಕೇತ ಹುಡುಕಿ. ಒಬ್ಬರು ಮಾತ್ರ, ಒಂದೇ ವೇಗದಲ್ಲಿ, ನೇರ ಅದರ ಕಡೆ ನಡೆಯಿರಿ. ಅದು ಓಡಿದ ಕ್ಷಣ ನಿಂತು, ಅದು ಕೂತಿದ್ದ ಜಾಗಕ್ಕೆ ಎಷ್ಟು ಹೆಜ್ಜೆ ಉಳಿಯಿತು ಅಂತ ಎಣಿಸಿ. ಕೆಲವು ಓಡದೆ ಮರದ ಆಚೆ ಬದಿಗೆ ಸರಿದು ನಿಮ್ಮನ್ನು ಇಣುಕಿ ನೋಡ್ತವೆ. ಅದನ್ನೂ ಓಟ ಅಂತಲೇ ಬರೆದುಕೊಳ್ಳಿ. ಹತ್ತು ಓತಿಕೇತ ಶಾಲೆಯಲ್ಲಿ, ಹತ್ತು ತೊಗರಿ ಹೊಲದ ಬದುವಿನಲ್ಲಿ. ಮುಟ್ಟಬೇಡಿ, ಕಲ್ಲು ಎಸೆಯಬೇಡಿ, ಕಲ್ಲುಗುಪ್ಪೆಯಲ್ಲಿ ಕೈ ಹಾಕಬೇಡಿ, ಅಲ್ಲಿ ಹಾವು ಇರಬಹುದು. ಎಲ್ಲ ಎಣಿಕೆ ಒಂದೇ ಹೊತ್ತಿನಲ್ಲಿ, ಬಿಸಿಲೇರಿದ ಮೇಲೆ ಮಾಡಿ. ಬೆಳಗಿನ ತಂಪಿನಲ್ಲಿ ಅದರ ಮೈ ಬಿಸಿಯಾಗಿರೋದಿಲ್ಲ, ಕಾಲು ಚುರುಕಾಗಿರೋದಿಲ್ಲ. ಹಾಗಿರುವಾಗ ಹಲವು ಜಾತಿಗಳು ದೂರದಿಂದಲೇ ಜಾಗ ಖಾಲಿ ಮಾಡ್ತವೆ, ನಿಮ್ಮ ಲೆಕ್ಕ ಕೆಡ್ತದೆ.