ಸಿಟ್ಟಲ್ಲ ಮಗಾ, ಇಳಿದ ಹುಬ್ಬು!

“ಅಜ್ಜ, ನಿಮಗೆ ಸಿಟ್ಟು ಬಂದಿದ್ಯಾ?” ಎಂದು ಪುಳ್ಳಿ ಕೇಳಿದಳು. ಸಿಟ್ಟಲ್ಲ, ನನ್ನ ಹುಬ್ಬು ಇಳಿದಿತ್ತು. ಸಂತೆಕಟ್ಟೆಯಲ್ಲಿ ಬಸ್ಸಿನ ಬೋರ್ಡು ಓದಲೂ ತಲೆ ಹಿಂದಕ್ಕೆ ವಾಲಿಸಬೇಕಿತ್ತು. ಲೇಸರ್ ಮಾಡಿಸೋಣವೆಂದು ಕಣ್ಣಿನ ವೈದ್ಯರಲ್ಲಿಗೆ ಹೋದೆ.

ಹುಬ್ಬನ್ನು ಎತ್ತಿ ಹಿಡಿಯುವುದು ಹಣೆಯ ಸ್ನಾಯು. ಅದು ಹುಬ್ಬಿನ ಹೊರತುದಿಯವರೆಗೆ ಚಾಚಿಲ್ಲ. ವಯಸ್ಸಾದಂತೆ ಚರ್ಮದಲ್ಲಿರುವ ಕೊಲಾಜೆನ್ ಎಂಬ ನಾರು ಕಡಿಮೆಯಾಗಿ, ಆ ತುದಿಯೇ ಮೊದಲು ಜೋಲುತ್ತದೆ.

ಲೇಸರ್ ಎಂಬ ಬೆಳಕು ಹುಟ್ಟಿದ್ದು 1960ರಲ್ಲಿ. ಅದರಲ್ಲೊಂದು ಬಗೆಯ ಕಿರಣವನ್ನು ಚರ್ಮದೊಳಗಿನ ನೀರು ಹೀರಿ ಬಿಸಿಯಾಗುತ್ತದೆ. ಗಾಯ ಮಾಯುವಾಗ ಹೊಸ ಕೊಲಾಜೆನ್ ಬೆಳೆದು, ಕೆಲವು ತಿಂಗಳಲ್ಲಿ ಚರ್ಮ ತುಸು ಬಿಗಿಯಾಗುತ್ತದೆ. ತೀರಾ ಇಳಿದ ಹುಬ್ಬನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ನಮ್ಮಂಥ ಕಂದು ಮೈಬಣ್ಣದವರಿಗೆ ಕಪ್ಪು ಕಲೆ ಉಳಿಯುವ ಭಯವೂ ಇದೆ.

ನನ್ನ ನೋಟದ ಮೇಲ್ಭಾಗವೇ ಮರೆಯಾಗಿತ್ತು. ಹಾಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಈಗ ತಲೆ ವಾಲಿಸದೆ ಬೋರ್ಡು ಓದುತ್ತೇನೆ. ಬರೀ ಚಂದಕ್ಕಾದರೆ, ಲಾಭ-ನಷ್ಟದ ಲೆಕ್ಕ ಹಾಕದೆ ಮುಂದುವರಿಯಬೇಡಿ ಎನ್ನುತ್ತೇನೆ, ಬ್ಯಾಂಕಿನವನಲ್ಲವೇ!

ಮಕ್ಕಳೇ, ಒಂದು ಮಾತು ನೆನಪಿಡಿ. ಮುಪ್ಪಿನ ಹುಬ್ಬು ನಿಧಾನವಾಗಿ ಇಳಿಯುತ್ತದೆ. ಅಜ್ಜ-ಅಜ್ಜಿಯ ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತು ಬಾಯಿ ಸೊಟ್ಟಗಾದರೆ ಅದು ಪಾರ್ಶ್ವವಾಯು ಇರಬಹುದು. ಕೂಡಲೇ ದೊಡ್ಡವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ.