ಡಿಪ್ಲೊಮಾ ಮುಗೀತು, ಸೇರೋದು ಮೊದಲ ವರ್ಷಕ್ಕೋ ಎರಡನೇ ವರ್ಷಕ್ಕೋ?

ಜತ್ತ: ಮನೆ ಮುಂದಿನ ಕಟ್ಟೆಯ ಮೇಲೆ ಎರಡು ಫೈಲುಗಳಿವೆ. ಒಂದರಲ್ಲಿ ಹನ್ನೆರಡನೇ ತರಗತಿಯ ವಿಜ್ಞಾನ ವಿಭಾಗದ ಅಂಕಪಟ್ಟಿ, ಜೊತೆಗೆ ಈ ಸಲ ಬರೆದ ಮಹಾರಾಷ್ಟ್ರ ಸಿಇಟಿಯ ಫಲಿತಾಂಶದ ಹಾಳೆ. ಇನ್ನೊಂದರಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಅಂಕಪಟ್ಟಿಗಳು. ಮೊದಲ ಫೈಲು ಹಿಡಿದು ಹೋದರೆ ಎಂಜಿನಿಯರಿಂಗ್‌ನ ಮೊದಲ ವರ್ಷ. ಎರಡನೇ ಫೈಲು ಹಿಡಿದರೆ ನೇರ ಎರಡನೇ ವರ್ಷ.

ಮಗ ಹತ್ತನೇ ತರಗತಿವರೆಗೆ ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಹನ್ನೆರಡನೇದರಲ್ಲಿ ಅಂಕ ಕಡಿಮೆ ಬಂದಾಗ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಿದ. ಈಗ ಅದೂ ಮುಗಿದಿದೆ. ಅವನಿಗೆ ಕಂಪ್ಯೂಟರ್ ಬ್ರಾಂಚ್ ಮೇಲೆ ಕಣ್ಣು. ದಾಳಿಂಬೆ ತೋಟ ನಂಬಿದ ಅಪ್ಪನದು ಒಂದೇ ಮಾತು: ‘ಒಂದ್ ವರ್ಷ ಉಳಿತೈತಿ, ಎರಡ್ನೇದಕ್ಕ ಸೇರು.’ ಅವ್ವನ ಲೆಕ್ಕ ಬೇರೆ. ತಂಗಿ ಈ ವರ್ಷ ಹತ್ತನೇ ತರಗತಿ. ಅಣ್ಣನ ಒಂದು ವರ್ಷದ ಫೀಜು, ಹಾಸ್ಟೆಲ್ ಖರ್ಚು ಉಳಿದರೆ ಆ ದುಡ್ಡು ಅವಳ ಓದಿಗೆ ಆಗುತ್ತದೆ.

ಇದು ಒಂದು ಮನೆಯ ಕತೆಯಲ್ಲ. ಅಕ್ಕಲಕೋಟೆ, ಕಾಸರಗೋಡು, ತಾಳವಾಡಿ, ರಾಯದುರ್ಗ, ಯಾವ ಕಡೆ ಹೋದರೂ ಡಿಪ್ಲೊಮಾ ಫಲಿತಾಂಶ ಬಂದ ಮೇಲೆ ಇದೇ ಮಾತು ಶುರುವಾಗುತ್ತದೆ. ಗಡಿಯಾಚೆಯ ಕನ್ನಡ ಮನೆಗಳಿಗೆ ಇನ್ನೊಂದು ಪ್ರಶ್ನೆಯೂ ಕೂಡಿಕೊಳ್ಳುತ್ತದೆ. ಸೇರುವುದು ಈ ರಾಜ್ಯದಲ್ಲೋ, ಆ ರಾಜ್ಯದಲ್ಲೋ?

ಉಳಿತಾಯ ಅಲ್ಲ, ಮೊದಲೇ ಕಟ್ಟಿದ್ದು

ಎಐಸಿಟಿಇ 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮದ ಪ್ರಕಾರ ನಾಲ್ಕು ವರ್ಷದ ಎಂಜಿನಿಯರಿಂಗ್ ಪದವಿಗೆ 160 ಕ್ರೆಡಿಟ್. ವರ್ಷಕ್ಕೆ ಸರಾಸರಿ 40 ಎಂದಾಯಿತು. ಲ್ಯಾಟರಲ್ ಎಂಟ್ರಿ ಎಂದರೆ ಮೊದಲ ವರ್ಷದ ಪಾಲನ್ನು ವಿದ್ಯಾರ್ಥಿ ಡಿಪ್ಲೊಮಾದಲ್ಲೇ ಓದಿ ಮುಗಿಸಿದ್ದಾನೆ ಎಂದು ಒಪ್ಪಿಕೊಂಡು ಮೂರನೇ ಸೆಮಿಸ್ಟರ್‌ಗೆ ಕೂರಿಸುವುದು.

‘ಒಂದು ವರ್ಷ ಉಳೀತು’ ಎಂಬ ಮಾತು ಇಲ್ಲೇ ದಾರಿ ತಪ್ಪಿಸುತ್ತದೆ. ಹತ್ತನೇ ತರಗತಿಯಾದ ಮೇಲೆ ಪಿಯುಸಿ ಎರಡು ವರ್ಷ, ಎಂಜಿನಿಯರಿಂಗ್ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಲ್ಯಾಟರಲ್ ಎಂಟ್ರಿಯಲ್ಲಿ ಮೂರು ವರ್ಷ, ಅದೂ ಆರು. ಅಂದರೆ ಯಾರೂ ಯಾರಿಗೂ ವರ್ಷ ದಾನ ಮಾಡುತ್ತಿಲ್ಲ. ಡಿಪ್ಲೊಮಾದ ಹುಡುಗ ಆ ವರ್ಷವನ್ನು ಮೊದಲೇ ದುಡಿದು ಕಟ್ಟಿದ್ದಾನೆ. ಮತ್ತೆ ಮೊದಲ ವರ್ಷಕ್ಕೆ ಸೇರಿದರೆ ಅದೇ ವರ್ಷಕ್ಕೆ ಎರಡು ಸಲ ಫೀಜು ಕಟ್ಟಿದಂತೆ.

ಜತ್ತದ ಹುಡುಗನ ಲೆಕ್ಕ ಸ್ವಲ್ಪ ಉದ್ದ. ಹನ್ನೆರಡನೇದಕ್ಕೆ ಎರಡು ವರ್ಷ, ಡಿಪ್ಲೊಮಾಕ್ಕೆ ಎರಡು ವರ್ಷ ಈಗಾಗಲೇ ಕಳೆದಿವೆ. ಎರಡನೇ ವರ್ಷಕ್ಕೆ ಸೇರಿದರೆ ಒಟ್ಟು ಏಳು ವರ್ಷಕ್ಕೆ ಪದವಿ, ಮೊದಲ ವರ್ಷಕ್ಕೆ ಸೇರಿದರೆ ಎಂಟು. ಅಪ್ಪನ ಆತುರಕ್ಕೆ ಕಾರಣ ಇಲ್ಲದೆ ಇಲ್ಲ.

ರಾಜ್ಯಕ್ಕೊಂದು ಬಾಗಿಲು

ಲ್ಯಾಟರಲ್ ಎಂಟ್ರಿ ದೇಶಕ್ಕೆಲ್ಲ ಒಂದೇ ಆದರೂ ಒಳಗೆ ಹೋಗುವ ಬಾಗಿಲು ರಾಜ್ಯಕ್ಕೊಂದು. ಮಹಾರಾಷ್ಟ್ರದಲ್ಲಿ ಇದಕ್ಕೆ ಪ್ರವೇಶ ಪರೀಕ್ಷೆ ಇಲ್ಲ. ಡಿಪ್ಲೊಮಾ ಅಂಕಗಳ ಮೆರಿಟ್ ಪಟ್ಟಿ ಮಾಡಿ ರಾಜ್ಯ ಸಿಇಟಿ ಸೆಲ್ ಸೀಟು ಹಂಚುತ್ತದೆ. ತಮಿಳುನಾಡಿನಲ್ಲೂ ಡಿಪ್ಲೊಮಾ ಅಂಕವೇ ಆಧಾರ, ಆಮೇಲೆ ಕೌನ್ಸೆಲಿಂಗ್. ಹಾಗಾಗಿ ಸೊಲ್ಲಾಪುರ, ಹೊಸೂರು ಕಡೆಯ ಮಕ್ಕಳು ಡಿಪ್ಲೊಮಾ ಓದುವಾಗಲೇ ಅಂಕದ ಮೇಲೆ ನಿಗಾ ಇಡಬೇಕು. ಕೊನೆಗೆ ಒಂದು ಪರೀಕ್ಷೆ ಬರೆದು ಸರಿ ಮಾಡಿಕೊಳ್ಳೋಣ ಎಂದರೆ ಅಲ್ಲಿ ಅಂಥ ಪರೀಕ್ಷೆಯೇ ಇಲ್ಲ.

ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಬರೆಯಬೇಕು. ಕೇರಳದಲ್ಲಿ ತಿರುವನಂತಪುರದ ಎಲ್‌ಬಿಎಸ್ ಸೆಂಟರ್ ನಡೆಸುವ ಲ್ಯಾಟರಲ್ ಎಂಟ್ರಿ ಪರೀಕ್ಷೆ, ಅಂದರೆ ಎಲ್ಇಟಿ ಇದೆ. ಆಂಧ್ರ, ತೆಲಂಗಾಣಗಳಲ್ಲಿ ಇಸೆಟ್. ಮೂರು ಗಂಟೆ, 200 ಪ್ರಶ್ನೆ. ಡಿಪ್ಲೊಮಾದವರಿಗೆ ಗಣಿತ 50, ಭೌತಶಾಸ್ತ್ರ 25, ರಸಾಯನಶಾಸ್ತ್ರ 25, ತಮ್ಮ ಬ್ರಾಂಚಿನ ವಿಷಯ 100. ಅರ್ಧ ಪ್ರಶ್ನೆಪತ್ರಿಕೆ ಮೂಲ ವಿಜ್ಞಾನದ್ದೇ. ವರ್ಕ್‌ಶಾಪಿನಲ್ಲಿ ಚುರುಕಾಗಿದ್ದು ಗಣಿತ ಮರೆತ ಆದೋನಿಯ ಹುಡುಗ ಎಡವುವುದು ಇಲ್ಲೇ.

ಗಡಿನಾಡಿನ ಕಲಂ ಗೊತ್ತಿರಲಿ

ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ಕಲಂ ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ ವಾಸವಿದ್ದು ಅಲ್ಲೇ ಓದಿದ, ಕನ್ನಡ, ತುಳು ಅಥವಾ ಕೊಡವ ಮನೆಮಾತಿನ ಮಕ್ಕಳಿಗೆ ಇದು ಅನ್ವಯ. ಗಡಿನಾಡು ಮತ್ತು ಹೊರನಾಡ ಕನ್ನಡಿಗರು ಕನ್ನಡ ಭಾಷಾ ಪರೀಕ್ಷೆಯನ್ನೂ ಬರೆಯಬೇಕಾಗುತ್ತದೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಅದು ದೊಡ್ಡ ಗುಡ್ಡವೇನಲ್ಲ.

ಆದರೆ ಇದು ಮೊದಲ ವರ್ಷಕ್ಕೆ ಸೇರುವ ಸಿಇಟಿಯ ಮಾತು. ಎರಡನೇ ವರ್ಷದ ಡಿಸಿಇಟಿಗೆ ಅದರದೇ ಕೈಪಿಡಿ ಇರುತ್ತದೆ. ಅರ್ಜಿ ಹಾಕುವ ಮೊದಲು ಆ ವರ್ಷದ ಕೈಪಿಡಿಯ ಅರ್ಹತಾ ಪುಟವನ್ನು ಸಾಲುಸಾಲಾಗಿ ಓದಬೇಕು. ಮಂಗಳೂರಿನಲ್ಲೋ ವಿಜಯಪುರದಲ್ಲೋ ಡಿಪ್ಲೊಮಾ ಮಾಡಿದ ಮಾತ್ರಕ್ಕೆ ಕರ್ನಾಟಕದ ಸರ್ಕಾರಿ ಕೋಟಾ ಸೀಟು ಸಿಕ್ಕೇ ಸಿಗುತ್ತದೆ ಎಂದು ತಿಳಿಯುವುದು ಬೇಡ. ಅತ್ತ ತವರು ರಾಜ್ಯದಲ್ಲಿ ಸ್ಥಳೀಯ ಎನಿಸಿಕೊಳ್ಳಲು ಅಲ್ಲಿ ಎಷ್ಟು ವರ್ಷ ಓದಿದ್ದೀರಿ ಎಂದು ಕೇಳುತ್ತಾರೆ. ಆಂಧ್ರದಲ್ಲಿ ಶೇ 85ರಷ್ಟು ಸೀಟು ಸ್ಥಳೀಯರಿಗೇ ಮೀಸಲು. ಗಡಿ ದಾಟಿ ಡಿಪ್ಲೊಮಾ ಓದಿ ಬಂದವರು ಎರಡೂ ಕಡೆ ಸಲ್ಲದಂತಾಗಬಾರದು. ಈ ವಿಚಾರಣೆ ಡಿಪ್ಲೊಮಾ ಮುಗಿದ ಮೇಲಲ್ಲ, ಸೇರುವ ಮುಂಚೆಯೇ ಆಗಬೇಕು.

ಜತ್ತದ ಹುಡುಗನಿಗೆ ಗಡಿನಾಡಿನ ಕಲಂ ಇದೆ ಎಂದು ಗೊತ್ತಾದದ್ದು ಅರ್ಜಿಯ ದಿನ ದಾಟಿದ ಮೇಲೆ. ವಿಜಯಪುರ ಅವನ ಮನೆಗೆ ದೂರವಲ್ಲ, ಆದರೂ ಆ ಬಾಗಿಲು ಈ ವರ್ಷಕ್ಕೆ ಮುಚ್ಚಿದೆ.

ಬಿಟ್ಟು ಹೋಗುವುದೇನು?

ಎರಡನೇ ವರ್ಷಕ್ಕೆ ಸೇರಿದವರಿಗೆ ತಪ್ಪುವುದು ಮುಖ್ಯವಾಗಿ ಗಣಿತ. ಪಿಯುಸಿ ಮುಗಿಸಿ ಬಂದವರು ಮೊದಲ ವರ್ಷದಲ್ಲಿ ಆಂಶಿಕ ಅವಕಲನ, ದ್ವಿಗುಣ ಸಮಾಕಲನ, ಅವಕಲ ಸಮೀಕರಣ, ಮ್ಯಾಟ್ರಿಕ್ಸ್ ಎಲ್ಲವನ್ನೂ ಅರೆದಿರುತ್ತಾರೆ. ಡಿಪ್ಲೊಮಾದಲ್ಲಿ ಇವುಗಳ ಪರಿಚಯ ಅಷ್ಟು ಆಳಕ್ಕೆ ಇಳಿದಿರುವುದಿಲ್ಲ. ಮೂರನೇ ಸೆಮಿಸ್ಟರ್‌ನಲ್ಲಿ ಲ್ಯಾಪ್ಲಾಸ್, ಫೂರಿಯರ್ ಎದುರಾದಾಗ ಕಾಲಡಿಯ ನೆಲ ಅಲ್ಲಾಡುತ್ತದೆ.

ವಿಶ್ವವಿದ್ಯಾಲಯಗಳಿಗೂ ಇದು ಗೊತ್ತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿ.ವಿ. ತನ್ನ 2010, 2015, 2017 ಮತ್ತು 2018ರ ಸ್ಕೀಮ್‌ಗಳಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿತ್ತು. ಅದಕ್ಕೆ ಕ್ರೆಡಿಟ್ ಇಲ್ಲ, ಆದರೆ ಪಾಸಾಗದೆ ಪದವಿಯೂ ಇಲ್ಲ. ಕ್ರೆಡಿಟ್ ಇಲ್ಲವೆಂದು ಹಗುರವಾಗಿ ತೆಗೆದುಕೊಂಡು, ಕೊನೆಯ ವರ್ಷದವರೆಗೂ ಅದನ್ನು ಬಾಕಿ ಎಳೆದುಕೊಂಡು ಬಂದವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ.

ಇನ್ನೊಂದು ತೊಂದರೆ ದಿನಗಳದ್ದು. ಫಲಿತಾಂಶ, ಮೆರಿಟ್ ಪಟ್ಟಿ, ಸೀಟು ಹಂಚಿಕೆ ಮುಗಿಯುವಷ್ಟರಲ್ಲಿ ಮೂರನೇ ಸೆಮಿಸ್ಟರ್ ಪಾಠ ಎಷ್ಟೋ ಕಡೆ ಶುರುವಾಗಿರುತ್ತದೆ. ತಡವಾಗಿ ಬಂದ ಹುಡುಗ ಹಿಂದಿನ ಬೆಂಚಿನಲ್ಲಿ ಕೂತು, ನಾಚಿಕೆಗೆ ಪ್ರಶ್ನೆ ಕೇಳದೆ, ಮೊದಲ ಇಂಟರ್ನಲ್‌ನಲ್ಲೇ ಹಿಂದೆ ಬೀಳುತ್ತಾನೆ. ಆದರೆ ಪ್ರಯೋಗಾಲಯಕ್ಕೆ ಹೋದರೆ ಚಿತ್ರ ತಿರುವುಮುರುವು. ಲೇತ್, ವೆಲ್ಡಿಂಗ್, ಡ್ರಾಯಿಂಗ್, ವೈರಿಂಗ್‌ನಲ್ಲಿ ಕೈ ಪಳಗಿದವರು ಡಿಪ್ಲೊಮಾದವರೇ. ಗಣಿತಕ್ಕೆ ಪಿಯುಸಿಯ ಗೆಳೆಯ, ಲ್ಯಾಬಿಗೆ ಡಿಪ್ಲೊಮಾದ ಗೆಳೆಯ ಎಂದು ಜೋಡಿಯಾದರೆ ಇಬ್ಬರಿಗೂ ಲಾಭ.

ಯಾವಾಗ ಎರಡು ಸಲ ಯೋಚಿಸಬೇಕು?

ಅದೇ ಬ್ರಾಂಚಿನಲ್ಲಿ ಮುಂದುವರಿಯುವವರಿಗೆ ಎರಡನೇ ವರ್ಷಕ್ಕೆ ಸೇರುವುದೇ ಸರಿಯಾದ ದಾರಿ. ದುಡಿದ ವರ್ಷವನ್ನು ಬಿಟ್ಟುಕೊಡಲು ಕಾರಣವಿಲ್ಲ. ಯೋಚಿಸಬೇಕಾದವರು ಬ್ರಾಂಚ್ ಬದಲಿಸುವವರು. ಮೆಕ್ಯಾನಿಕಲ್‌ನಿಂದ ಕಂಪ್ಯೂಟರ್‌ಗೆ ಎರಡನೇ ವರ್ಷದಲ್ಲಿ ಹಾರಿದರೆ ಎದುರಿಗೆ ಮೊದಲೇ ಡೇಟಾ ಸ್ಟ್ರಕ್ಚರ್ಸ್ ಬರುತ್ತದೆ. ಅದು ನಿಂತಿರುವುದು ಮೊದಲ ವರ್ಷ ಕಲಿಸುವ ಪ್ರೋಗ್ರಾಮಿಂಗ್ ಮೇಲೆ. ಒಂದು ಸಾಲು ಕೋಡ್ ಬರೆಯದವನಿಗೆ ಅದು ಅ ಆ ಕಲಿಯದೆ ಸಂಧಿ ಬಿಡಿಸಲು ಕೂತಂತೆ. ಜೊತೆಗೆ, ಯಾವ ಡಿಪ್ಲೊಮಾದಿಂದ ಯಾವ ಬ್ರಾಂಚಿಗೆ ಹೋಗಬಹುದೆಂಬ ನಿಯಮವನ್ನೂ ಆಯಾ ರಾಜ್ಯದ ಕೈಪಿಡಿಯಲ್ಲಿ ನೋಡಬೇಕು.

ಮೊದಲ ವರ್ಷಕ್ಕೆ ಮರಳುವ ದಾರಿಯೂ ಎಲ್ಲರಿಗೂ ಇರುವುದಿಲ್ಲ. ಹನ್ನೆರಡನೇ ತರಗತಿ ವಿಜ್ಞಾನ ಓದಿ ಪ್ರವೇಶ ಪರೀಕ್ಷೆ ಬರೆದವರ ಬಳಿ ಮಾತ್ರ ಎರಡೂ ಫೈಲು ಇರುತ್ತವೆ. ಹತ್ತನೇದು ಮುಗಿಸಿ ನೇರ ಡಿಪ್ಲೊಮಾಕ್ಕೆ ಹೋದವರಿಗೆ ವಾಡಿಕೆಯಲ್ಲಿ ಇರುವುದು ಎರಡನೇ ವರ್ಷದ ಬಾಗಿಲೇ.

ಮುಂದೆ ವಿದೇಶಕ್ಕೆ ಎಂ.ಎಸ್.ಗೆ ಹೋದರೆ ಮೂರು ವರ್ಷದ ಪದವಿ ಎಂದು ತಳ್ಳಿಹಾಕುತ್ತಾರೇನೋ ಎಂಬ ಹೆದರಿಕೆಯೂ ಕೆಲವರಿಗಿದೆ. ಇಲ್ಲೂ ಅದೇ ಲೆಕ್ಕ. ಹತ್ತು, ಎರಡು, ನಾಲ್ಕು ಕೂಡಿದರೆ ಹದಿನಾರು. ಹತ್ತು, ಮೂರು, ಮೂರು ಕೂಡಿದರೂ ಹದಿನಾರು. ಅದನ್ನು ತೋರಿಸಲು ಡಿಪ್ಲೊಮಾದ ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ ಕೈಯಲ್ಲಿರಬೇಕು. ಪದವಿ ಬಂತೆಂದು ಹಳೆಯ ಕಾಗದ ಕಳೆದುಕೊಂಡವರು ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಗಡಿನಾಡಿನವರಿಗೆ ಇನ್ನೆರಡು ಕಾಗದ ಹೆಚ್ಚು: ಒಂದರಿಂದ ಹತ್ತರವರೆಗೆ ಎಲ್ಲಿ ಓದಿದ್ದೆಂದು ತೋರಿಸುವ ವ್ಯಾಸಂಗ ಪ್ರಮಾಣಪತ್ರ ಮತ್ತು ವಾಸಸ್ಥಳದ ದಾಖಲೆ. ಶಾಲೆಯ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವ ಮೊದಲು ಇವನ್ನು ಮಾಡಿಸಿಟ್ಟುಕೊಂಡರೆ ನಿಶ್ಚಿಂತೆ.

ಜತ್ತದ ಆ ಮನೆಯಲ್ಲಿ ಮೂರು ದಿನ ಮಾತು ನಡೆಯಿತು. ಕೊನೆಗೆ ಹುಡುಗ ಎರಡನೇ ಫೈಲು ಎತ್ತಿಕೊಂಡ. ಮೆಕ್ಯಾನಿಕಲ್, ನೇರ ಎರಡನೇ ವರ್ಷ. ಕಂಪ್ಯೂಟರ್ ಆಸೆ ಬಿಟ್ಟಿಲ್ಲ; ಪ್ರೋಗ್ರಾಮಿಂಗ್ ಅನ್ನು ಪಕ್ಕದಲ್ಲಿ ಕಲಿಯುತ್ತೇನೆ ಎಂದಿದ್ದಾನೆ. ಸೀಟು ಹಂಚಿಕೆ ಆಗುವವರೆಗೆ ಕಾಯದೆ, ಪಕ್ಕದ ಊರಿನ ಸೀನಿಯರ್ ಒಬ್ಬನಿಂದ ಮೊದಲ ವರ್ಷದ ಗಣಿತ ಪುಸ್ತಕ ಇಸಿದುಕೊಂಡು ಬಂದಿದ್ದಾನೆ. ದಿನಾ ಬೆಳಿಗ್ಗೆ ತೋಟಕ್ಕೆ ನೀರು ಬಿಟ್ಟು ಬಂದ ಮೇಲೆ ಎರಡು ಗಂಟೆ ಅದರ ಮುಂದೆ ಕೂರುತ್ತಾನೆ.

ತಂಗಿ ಮಾತ್ರ ಈಗಲೇ ತನ್ನದೊಂದು ಫೈಲು ಶುರು ಮಾಡಿದ್ದಾಳೆ. ಹತ್ತನೇದಾದ ಮೇಲೆ ಡಿಪ್ಲೊಮಾವೋ ಹನ್ನೆರಡನೇದೋ ಇನ್ನೂ ತೀರ್ಮಾನವಾಗಿಲ್ಲ, ಎರಡೂ ಆರೇ ವರ್ಷ ಎಂಬುದು ಮನೆಗೆಲ್ಲ ಗೊತ್ತಾಗಿದೆ. ಆ ಫೈಲಿನಲ್ಲಿ ಮೊದಲು ಸೇರಿದ ಕಾಗದ ಕನ್ನಡ ಶಾಲೆಯ ವ್ಯಾಸಂಗ ಪ್ರಮಾಣಪತ್ರ.